ಹಕ್ಕಿ ಕಾಣುವ ತಿರುವುಗಳು

ಸೈಕಲ್ಲಿನಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದ ಭಾಗ ಬ್ರೇಕು. ಪೆಡಲು, ಚೈನು, ಗೇರು ಇವೆಲ್ಲ ಇರಲಿ, ಬೇಡವೆನ್ನುವುದಿಲ್ಲ. ಆದರೆ ನಾಳೆ ಯಾರಾದರೂ ಬಂದು ಇವುಗಳಲ್ಲಿ ಒಂದನ್ನು ಮಾತ್ರ ಇಟ್ಟುಕೊಳ್ಳಿ ಎಂದರೆ ಎರಡನೇ ಸಲ ಯೋಚಿಸದೆ ಬ್ರೇಕನ್ನು ಹಿಡಿದುಕೊಂಡು ಮನೆಗೆ ನಡೆದುಬಿಡುತ್ತೇನೆ. ಹನ್ನೊಂದು ಜನರ ಸೈಕಲ್ ಕ್ಲಬ್ಬಿನ ಸದಸ್ಯ, ಸಾಲದ್ದಕ್ಕೆ ಅದರ ವೆಬ್‌ಸೈಟ್ ನೋಡಿಕೊಳ್ಳುವವನು, ಆಡಬಾರದ ಮಾತು ಇದು. ಇಷ್ಟು ವರ್ಷ ಆಡಿರಲಿಲ್ಲ. ಈಗ ಅದು ಗುಟ್ಟಾಗಿ ಉಳಿದಿಲ್ಲವಾದ್ದರಿಂದ ನಿಮ್ಮ ಹತ್ತಿರ ಹೇಳಿಕೊಳ್ಳುತ್ತಿದ್ದೇನೆ.

ನಾನು ಸಾಗರದಲ್ಲಿ ಕನ್ನಡಕದ ಅಂಗಡಿ ಇಟ್ಟುಕೊಂಡವನು. ಹೆದರಿಕೆ ಹುಟ್ಟಿನಿಂದ ಬಂದದ್ದು, ಕನ್ನಡಕ ಆಮೇಲೆ ಬಂತು. ನಾಯಿಗೆ ಹೆದರುತ್ತೇನೆ. 'ನಾಯಿ ಇದೆ' ಎಂದು ಬೋರ್ಡು ಹಾಕಿ ನಾಯಿ ಕಾಣಿಸದ ಮನೆಗೆ ಇನ್ನೂ ಹೆಚ್ಚು ಹೆದರುತ್ತೇನೆ, ಯಾಕೆಂದರೆ ಅದು ಎಲ್ಲಿದೆ ಎಂದು ತಿಳಿಯುವುದಿಲ್ಲ. ಗ್ಯಾಸ್ ಆಫ್ ಮಾಡಿದ್ದೇನೋ ಇಲ್ಲವೋ ಎಂದು ಬಸ್ ಸ್ಟ್ಯಾಂಡಿನಿಂದ ಮನೆಗೆ ಓಡಿಬಂದು, ಆಫ್ ಆಗಿದ್ದುದನ್ನು ಗಾಬರಿಯಲ್ಲಿ ಆನ್ ಮಾಡಿ ಹೋದದ್ದೂ ಉಂಟು. ಇಂಥವನು ಸೈಕಲ್ ಹತ್ತಿದ್ದು ಧೈರ್ಯ ಬಂದಿತೆಂದಲ್ಲ. ಡಾಕ್ಟರು "ಶುಗರ್ ಸ್ವಲ್ಪ ಜಾಸ್ತಿ ಇದೆ, ಸೈಕಲ್ ಹೊಡೀರಿ" ಎಂದರು. ಸೈಕಲ್ಲಿಗಿಂತ ಶುಗರಿಗೆ ಹೆಚ್ಚು ಹೆದರಿದೆ, ಅಷ್ಟೆ.

ಸೈಕಲ್ಲಿನಲ್ಲೂ ಏರಿಗೆ ನಾನು ಹೆದರುವುದಿಲ್ಲ. ಏರಿನಲ್ಲಿ ಬಿದ್ದರೆ ಎಷ್ಟೆಂದು ಬೀಳಬಹುದು? ನಿಂತಲ್ಲೇ ಬೀಳಬೇಕು. ನನಗೆ ಆಗದಿರುವುದು ಇಳಿಜಾರು. ಮುಂದಿನ ತಿರುವಿನ ಆಚೆ ಏನಿದೆಯೋ ಅದೆಲ್ಲ ನನಗಾಗಿಯೇ ಕಾದು ನಿಂತಿದೆ ಎಂದು ಅನಿಸತೊಡಗುತ್ತದೆ: ಎಮ್ಮೆ, ಜಲ್ಲಿ, ಲಾರಿ, ಮೂರೂ ಒಟ್ಟಿಗೆ. ಬಾಯಿ ಒಣಗುತ್ತದೆ, ಕೈ ತಾನಾಗಿ ಬ್ರೇಕಿಗೆ ಹೋಗುತ್ತದೆ, ಕಾಲು ತಾನಾಗಿ ನೆಲಕ್ಕೆ ಬರುತ್ತದೆ. ಆಮೇಲೆ ನಾನು ಸೈಕಲ್ಲನ್ನು ತಳ್ಳಿಕೊಂಡು ಇಳಿಯುತ್ತೇನೆ. ಎಲ್ಲರೂ ಏರಿನಲ್ಲಿ ತಳ್ಳಿ ಇಳಿಜಾರಿನಲ್ಲಿ ಹಾರಿದರೆ, ನಾನು ಏರಿನಲ್ಲಿ ತುಳಿದು ಇಳಿಜಾರಿನಲ್ಲಿ ತಳ್ಳುವವನು. ಮಲೆನಾಡಿನಲ್ಲಿ ಏರು ಎಷ್ಟಿದೆಯೋ ಇಳಿಜಾರೂ ಅಷ್ಟೇ ಇರುವುದರಿಂದ ನಾನು ಸೈಕಲ್ ಹೊಡೆದಷ್ಟೇ ದೂರ ನಡೆದೂ ಇದ್ದೇನೆ.

ಇದು ಕ್ಲಬ್ಬಿನಲ್ಲಿ ಯಾರಿಗೂ ಗೊತ್ತಾಗದೆ ಉಳಿದದ್ದು ಹೇಗೆಂದರೆ, ಎಲ್ಲರೂ ನನಗಿಂತ ಮುಂದೆ ಇರುತ್ತಿದ್ದರು. ಸಾಗರದವರು ಐದು ಜನ, ಹೊಸನಗರದವರು ನಾಲ್ಕು, ತೀರ್ಥಹಳ್ಳಿಯವರು ಇಬ್ಬರು. ಮೂರು ಊರಿನವರಾದ್ದರಿಂದ ಹೆಸರಿಡುವಾಗ ಜಗಳವಾಗಿ, ಕೊನೆಗೆ ಹೆಸರೇ ಇಡದೆ 'ಕ್ಲಬ್ಬು' ಎಂದು ಕರೆದುಕೊಂಡೆವು. ವೆಬ್‌ಸೈಟಿನ ತಲೆಯ ಮೇಲೂ ಅಷ್ಟೇ ಇದೆ. ಹೊಸನಗರ ನಡುವೆ ಇದೆಯೆಂದು ಅಲ್ಲೇ ಸೇರುವುದು. ನಾವು ಸಾಗರದವರು ಮೊದಲ ಬಸ್ಸಿನ ಟಾಪಿನ ಮೇಲೆ ಸೈಕಲ್ ಕಟ್ಟಿಕೊಂಡು ಹೋಗುತ್ತೇವೆ. ಬಸ್ಸಿನ ಮೇಲೆ ಕಟ್ಟಿದ್ದಾಗ ಮಾತ್ರ ನನ್ನ ಸೈಕಲ್ಲು ಎಲ್ಲ ಇಳಿಜಾರುಗಳನ್ನೂ ನಿಲ್ಲದೆ ಇಳಿದಿದೆ.

ಕ್ಲಬ್ಬಿಗೆ ಹಿರಿಯರು ಹೊಸನಗರದ ಚಂದ್ರಣ್ಣ. ಬಸ್ ಡ್ರೈವರಾಗಿದ್ದು ನಿವೃತ್ತರಾದವರು. ನಗರ ಎಂಬ ಊರಿನ ಕಡೆಗೂ ತೀರ್ಥಹಳ್ಳಿಯ ಕಡೆಗೂ ಇರುವ ತಿರುವುಗಳಲ್ಲಿ ಅವರು ತಿರುಗಿಸದೆ ಬಿಟ್ಟದ್ದು ಒಂದೂ ಇಲ್ಲ. ಈಗಲೂ ಹಳೆಯ ಕಬ್ಬಿಣದ ಸೈಕಲ್ಲಿನಲ್ಲಿ, ಹ್ಯಾಂಡಲ್ಲನ್ನು ಬಸ್ಸಿನ ಸ್ಟೇರಿಂಗಿನಂತೆ ಅಗಲವಾಗಿ ಹಿಡಿದುಕೊಂಡು, ಇಳಿಜಾರಿನಲ್ಲಿ ಎಲ್ಲರಿಗಿಂತ ಮೊದಲು ಮಾಯವಾಗುತ್ತಾರೆ. ಕ್ಲಬ್ಬಿನ ಏಕೈಕ ಕಾನೂನು ಅವರು ಮಾಡಿದ್ದು: ಆ ದಿನದ ದಾರಿಯ ಬಗ್ಗೆ ವೆಬ್‌ಸೈಟಿನಲ್ಲಿ ಬರೆಯಬೇಕಾದವನು ಆ ದಿನ ಎಲ್ಲರಿಗಿಂತ ಕೊನೆಗೆ ಬಂದವನು. "ಮೊದ್ಲು ಬಂದೋನಿಗೆ ದಾರಿ ಎಲ್ಲಿ ಕಂಡಿರುತ್ತೆ ಮಾರಾಯ್ರೇ? ಅವನಿಗೆ ಕಂಡಿರೋದು ಟೀ ಅಂಗಡಿ ಒಂದೇ. ದಾರಿ ನೋಡಿರೋನು ಕೊನೆಗೆ ಬಂದೋನು" ಎಂಬುದು ಅವರ ವಾದ. ಮೊದಲ ವರ್ಷ ಪ್ರತಿ ಸಲವೂ ಕೊನೆಗೆ ಬಂದವನು ನಾನೇ. ಎರಡನೆಯ ವರ್ಷ ವೆಬ್‌ಸೈಟಿನ ಪೂರ್ತಿ ಉಸ್ತುವಾರಿಯನ್ನು ನನಗೇ ಒಪ್ಪಿಸಿದರು. ಅಂಗಡಿಯಲ್ಲಿ ಕಂಪ್ಯೂಟರ್ ಇದೆ ಎಂಬುದು ಅವರು ಹೇಳಿದ ಕಾರಣ.

ಬರೆಯಬೇಕಾದವನು ಕೊನೆಗೆ ಯಾಕೆ ಬಂದ ಎಂಬುದಕ್ಕೂ ಒಂದು ಕಾರಣ ಬೇಕಲ್ಲ! ಮೊದಲ ಸಲ ಟೀ ಅಂಗಡಿಯಲ್ಲಿ ಎಲ್ಲರೂ ನನ್ನ ಮುಖ ನೋಡಿದಾಗ ಬಾಯಿಗೆ ಬಂದದ್ದು ಹಕ್ಕಿ. "ಒಂದು ಜೋಡಿ ಮಂಗಟ್ಟೆ ಹಕ್ಕಿ ಕೂತಿತ್ತು, ನೋಡ್ತಾ ನಿಂತೆ" ಎಂದುಬಿಟ್ಟೆ. ಅವರು ತಲೆದೂಗಿದರು. ಹೇಳಿದ ಮೇಲೆ ಬರೆಯಲೂ ಬೇಕಾಯಿತು. ಪುಟದ ಕೆಳಗೆ 'ನಿಂತು ನೋಡಬೇಕಾದ ಜಾಗಗಳು' ಎಂದು ಒಂದು ಪಟ್ಟಿ ಮಾಡಿ, ನಾನು ಹೆದರಿ ಇಳಿದ ಕಡೆಯಲ್ಲೆಲ್ಲ ಒಂದೊಂದು ಹಕ್ಕಿಯನ್ನು ಕೂರಿಸಿದೆ. ಕಡಿದಾದ ತಿರುವಿಗೆ ಮಂಗಟ್ಟೆ, ಜಲ್ಲಿ ಎದ್ದ ಕಡೆಗೆ ಮರಕುಟಿಗ, ತಡೆಗೋಡೆ ಇಲ್ಲದ ಮೋರಿಗೆ ಮಿಂಚುಳ್ಳಿ. ವರದಹಳ್ಳಿಯ ದಾರಿಯಲ್ಲಿ ಒಂದು ಸಲ ಹೆದರಿಕೆ ವಿಪರೀತವಾಗಿ ನವಿಲನ್ನೂ ಬರೆದೆ. ನಾಲ್ಕು ವರ್ಷದಲ್ಲಿ ನಮ್ಮ ವೆಬ್‌ಸೈಟು ಓದಿದವರಿಗೆ ಮೂರು ತಾಲೂಕಿನಲ್ಲಿ ಹಕ್ಕಿ ಬಿಟ್ಟರೆ ಬೇರೇನೂ ಇಲ್ಲ ಎನಿಸುವಂತಾಯಿತು.

ಚಳಿಗಾಲವೆಂದರೆ ನನ್ನಂಥವನಿಗೆ ಒಂದು ರೀತಿಯಲ್ಲಿ ಅನುಕೂಲದ ಕಾಲ. ಹಳೆಯ ಅಲಂಕಾರಶಾಸ್ತ್ರದವರು ಮನಸ್ಸಿನ ಭಾವ ಮೈಯಲ್ಲಿ ಕಾಣಿಸಿಕೊಳ್ಳುವುದನ್ನು ಎಂಟು ಬಗೆಯಾಗಿ ಹೇಳುತ್ತಾರೆ: ಮರಗಟ್ಟುವುದು, ಬೆವರುವುದು, ಮೈಯ ರೋಮ ನಿಲ್ಲುವುದು, ದನಿ ಒಡೆಯುವುದು, ನಡುಗುವುದು, ಬಣ್ಣಗೆಡುವುದು, ಕಣ್ಣೀರು, ಮೂರ್ಛೆ. ಹೆದರಿದವನಲ್ಲಿ ಇವೆಲ್ಲ ಕಾಣಬಹುದಂತೆ. ಜನವರಿಯ ಬೆಳಗ್ಗೆ ಹೊಸನಗರದಲ್ಲಿ ಸೈಕಲ್ ಹೊಡೆದವರನ್ನು ನೋಡಿ, ಮೂರ್ಛೆಯೊಂದು ಬಿಟ್ಟು ಉಳಿದೆಲ್ಲವೂ ಎಲ್ಲರಿಗೂ ಇರುತ್ತವೆ. ಬೆರಳು ಮರಗಟ್ಟಿರುತ್ತವೆ, ಹಲ್ಲು ಕಟಕಟ ಎನ್ನುತ್ತಿರುತ್ತವೆ, ಗಾಳಿಗೆ ಕಣ್ಣಿನಲ್ಲಿ ನೀರು ಇಳಿಯುತ್ತಿರುತ್ತದೆ. ಹನ್ನೊಂದು ಜನರಲ್ಲಿ ಹತ್ತು ಜನ ಚಳಿಗೆ ನಡುಗುತ್ತಿದ್ದಾರೆ, ಒಬ್ಬ ಹೆದರಿ ನಡುಗುತ್ತಿದ್ದಾನೆ ಎಂದು ಮಂಕಿ ಟೋಪಿಯ ಒಳಗಿನಿಂದ ಯಾರು ಕಂಡುಹಿಡಿಯಬೇಕು? ಅನನುಕೂಲ ಒಂದೇ. ಮಂಜಿಗೆ ಕನ್ನಡಕದ ಗಾಜು ಮಬ್ಬಾಗುತ್ತದೆ. ಊರಿಗೆಲ್ಲ ಕನ್ನಡಕ ಕೊಟ್ಟವನು ಗಾಜು ತೆಗೆದರೂ ಕಾಣದೆ ಹಾಕಿದರೂ ಕಾಣದೆ ದಾರಿಯ ಬಿಳಿ ಗೆರೆ ನಂಬಿಕೊಂಡು ಹೋಗಬೇಕಾಗುತ್ತದೆ.

ಈಗ ವಿಷಯಕ್ಕೆ ಬರುತ್ತೇನೆ. ಹೊಸನಗರದಿಂದ ನಗರಕ್ಕೆ ಹೋಗುವ ದಾರಿಯ ಪುಟ ನಮ್ಮ ವೆಬ್‌ಸೈಟಿನಲ್ಲಿ ಎಲ್ಲಕ್ಕಿಂತ ಹೆಚ್ಚು ಜನ ನೋಡುವಂಥದ್ದು. ನಗರ ಅಂದರೆ ಹಳೆಯ ಬಿದನೂರು, ಕೆಳದಿ ಅರಸರ ರಾಜಧಾನಿ. ಕೋಟೆ ನೋಡಲು ಜನ ಬರುತ್ತಾರೆ. ಆ ಕೋಟೆಯ ಮುಂದೆ ನಿಂತಾಗಲೆಲ್ಲ ನನಗೆ ಅರಸರ ಮೇಲೆ ಒಂದು ಬಗೆಯ ಅಕ್ಕರೆ ಬರುತ್ತದೆ. ಇಷ್ಟು ಕಾಡು, ಇಷ್ಟು ಗುಡ್ಡ, ಇಷ್ಟು ಮಳೆ ಇರುವ ಜಾಗವನ್ನೇ ಹುಡುಕಿಕೊಂಡು ಬಂದು, ಸಾಲದು ಎಂದು ಅದರ ಸುತ್ತ ಕಲ್ಲಿನ ಗೋಡೆ ಎಬ್ಬಿಸಿದರಲ್ಲ, ಹೆದರದವನಿಗೆ ಕೋಟೆ ಯಾಕೆ ಬೇಕು? ಅವರನ್ನು ಯಾರೂ ಪುಕ್ಕಲರು ಎನ್ನುವುದಿಲ್ಲ. ನನಗೆ ಕಲ್ಲಿನ ಅನುಕೂಲ ಇರಲಿಲ್ಲ, ಹಕ್ಕಿಗಳನ್ನು ಇಟ್ಟುಕೊಂಡೆ.

ಆ ದಾರಿಯಲ್ಲಿ ನಾವು 'ಕ್ಯಾನಿನ ತಿರುವು' ಎನ್ನುವ ಒಂದು ಜಾಗವಿದೆ. ಹಾಲಿನ ಕ್ಯಾನು ಕಟ್ಟಿಕೊಂಡು ಹೋಗುತ್ತಿದ್ದ ಯಾರೋ ಒಬ್ಬರು ಅಲ್ಲಿ ಉರುಳಿಬಿದ್ದರಂತೆ, ಅದಕ್ಕೆ ಆ ಹೆಸರು. ಎರಡು ಕಿಲೋಮೀಟರಿನ ಇಳಿಜಾರು, ಅದರ ಕೊನೆಗೆ ಎಡಕ್ಕೆ ಹಠಾತ್ತನೆ ತಿರುವು, ತಿರುವಿನಲ್ಲೇ ಒಂದು ಕಿರಿದಾದ ಮೋರಿ. ಇಳಿಜಾರು ಶುರುವಾಗುವಲ್ಲಿ ನಾನು ಒಂದು ಜೋಡಿ ಮಂಗಟ್ಟೆಗಳನ್ನು ಕೂರಿಸಿದ್ದೆ. ಅಲ್ಲಿ ಇಳಿದು, ಮೋರಿ ದಾಟುವವರೆಗೂ ನಡೆದೇ ಹೋಗುವುದು ನನ್ನ ಪದ್ಧತಿ. ಕಳೆದ ಜನವರಿಯ ಒಂದು ಭಾನುವಾರ ಟೀ ಅಂಗಡಿಯಲ್ಲಿ ಚಂದ್ರಣ್ಣ ಯಾರದೋ ಮೊಬೈಲಿನಲ್ಲಿ ಆ ಪುಟವನ್ನು ಗಟ್ಟಿಯಾಗಿ ಓದಿದರು. "ಕನ್ನಡಕದವರೇ, ಇಲ್ಲಿ ಎಂಥ ಹಕ್ಕಿ ಕಂಡ್ರಿ ನೀವು? ಅಷ್ಟು ವರ್ಷ ಬಸ್ ಓಡ್ಸಿದೀನಿ, ಅಲ್ಲಿ ಒಂದು ಕಾಗೆ ಕೂತಿದ್ದು ನೋಡಿಲ್ಲ" ಎಂದರು. ಎಲ್ಲರೂ ನಕ್ಕರು. ನನಗೆ ಕಿವಿ ಬಿಸಿಯಾಯಿತು. ಒಂದು ಹಕ್ಕಿ ಸುಳ್ಳೆಂದು ಗೊತ್ತಾದರೆ ಉಳಿದವು ಎಷ್ಟು ಹೊತ್ತು ಕೂತಿರುತ್ತವೆ? ಮರುದಿನ ಅಂಗಡಿ ತೆರೆದವನೇ ಮಂಗಟ್ಟೆಯ ಸಾಲನ್ನು ಅಳಿಸಿದೆ. ಅಳಿಸಿ ಸುಮ್ಮನಿರಬೇಕಿತ್ತು. ಸಂಶಯವೇ ಬರಬಾರದು ಎಂದು ಆ ಜಾಗದಲ್ಲಿ ಇನ್ನೊಂದು ಸಾಲು ಬರೆದೆ: 'ಇಲ್ಲಿಂದ ಎರಡು ಕಿಲೋಮೀಟರು ಬ್ರೇಕ್ ಮುಟ್ಟದೆ ಇಳಿಯಬಹುದು. ಭಯಪಡುವಂಥದ್ದು ಏನೂ ಇಲ್ಲ.'

ಆ ವಾರ ನಾವು ಗಂಡಹೆಂಡತಿ ಮೂರು ದಿನದ ಮಟ್ಟಿಗೆ ಮೈಸೂರಿಗೆ ಹೋದೆವು. ಪೇಟೆ ನೋಡಬೇಕು, ಒಂದು ಮೂರು ದಿನ ಬೇರೆಯವರು ಮಾಡಿದ ಅಡುಗೆ ಉಣ್ಣಬೇಕು ಎಂಬುದು ವಿಜಯಳ ಆಸೆ. ನನಗೆ ಪೇಟೆಯಲ್ಲಿ ರಸ್ತೆ ದಾಟುವುದಕ್ಕೇ ಆಗುವುದಿಲ್ಲ. ವಿಜಯ ನನ್ನ ಮುಂಗೈ ಹಿಡಿದುಕೊಂಡು ದಾಟಿಸಿದಳು. ಲಾಡ್ಜಿನಲ್ಲಿ ಅವಳು ಲಿಫ್ಟಿನಲ್ಲಿ ಹೋದಳು, ನಾನು ಆರೋಗ್ಯಕ್ಕೆ ಒಳ್ಳೆಯದೆಂದು ಮೆಟ್ಟಿಲು ಹತ್ತಿದೆ. ಎರಡನೆಯ ದಿನ ಮಧ್ಯಾಹ್ನ ಅರಮನೆಗೆ ಹೋಗಿ, ಶೂ ಬಿಟ್ಟು, ಅದರ ಟೋಕನ್ ಕೈಯಲ್ಲಿ ಹಿಡಿದು ಬರಿಗಾಲಿನಲ್ಲಿ ಸಾಲಿನಲ್ಲಿ ನಿಂತಿದ್ದೆ. ಮೊಬೈಲ್ ಟಿಣ್ ಎಂದಿತು. ಕ್ಲಬ್ಬಿನ ವಿಳಾಸಕ್ಕೆ ಒಂದು ಮೇಲ್ ಬಂದಿತ್ತು.

ಬರೆದವರು ದಾವಣಗೆರೆಯ ಸರೋಜಮ್ಮ ಎಂಬ ನಿವೃತ್ತ ನರ್ಸು. ಅವರೂ ಅವರ ತಂಗಿಯೂ ಎರಡು ವರ್ಷದಿಂದ ಸೈಕಲ್ ಹೊಡೆಯುತ್ತಿದ್ದಾರಂತೆ. 'ನಮ್ಮ ಊರು ಸಪಾಟು. ಇಳಿಜಾರು ಅಂದರೆ ಒಂದು ಫ್ಲೈಓವರ್ ಬಿಟ್ಟರೆ ಬೇರೆ ಕಂಡಿಲ್ಲ. ಇಳಿಜಾರೆಂದರೆ ನನಗೆ ತುಂಬಾ ಹೆದರಿಕೆ. ಮಲೆನಾಡಿಗೆ ಬರುವುದೇ ಬೇಡ ಎಂದಿದ್ದೆ. ನಿಮ್ಮ ಪುಟದಲ್ಲಿ ಭಯಪಡುವಂಥದ್ದು ಏನೂ ಇಲ್ಲ ಎಂದು ನೀವೇ ಬರೆದಿದ್ದೀರಿ, ಅದನ್ನು ನಂಬಿ ಹೊರಟಿದ್ದೇವೆ. ಇದನ್ನು ಕಳಿಸಿದ ಮೇಲೆ ಪ್ರವಾಸ ಮುಗಿಯುವವರೆಗೆ ಮೊಬೈಲ್ ಮುಟ್ಟುವುದಿಲ್ಲ ಎಂದು ಅಕ್ಕತಂಗಿ ಆಣೆ ಹಾಕಿಕೊಂಡಿದ್ದೇವೆ. ಅದಕ್ಕೆ ನಿನ್ನೆಯೇ ಪುಟವನ್ನು ಪ್ರಿಂಟ್ ತೆಗೆದುಕೊಂಡಿದ್ದೇವೆ. ತೀರ್ಥಹಳ್ಳಿಯಲ್ಲಿ ಹೊಳೆ ನೋಡಿಕೊಂಡು, ಇವತ್ತು ಹೊಸನಗರದಲ್ಲಿ ಪರಿಚಯದವರ ಮನೆಯಲ್ಲಿ ಉಳಿದು, ನಾಳೆ ಬೆಳಗ್ಗೆ ಏಳಕ್ಕೆ ನಗರಕ್ಕೆ ಹೊರಡುತ್ತೇವೆ. ತುಂಬಾ ಧನ್ಯವಾದಗಳು.'

ಅರಮನೆಯ ನೆಲ ತಣ್ಣಗಿತ್ತು. ಕಾಲಿನಿಂದ ಮೇಲಕ್ಕೆ ಏರಿ ಬಂದದ್ದು ಆ ತಂಪು ಅಲ್ಲ ಎಂದು ನನಗೆ ಗೊತ್ತಿತ್ತು. ಆವರೆಗೆ ನಾನು ಹೆದರಿದ್ದೆಲ್ಲ ನನಗೆ ಏನಾಗುತ್ತದೋ ಎಂದು. ಇನ್ನೊಬ್ಬರಿಗೆ ನನ್ನಿಂದ ಏನಾಗುತ್ತದೋ ಎಂಬ ಹೆದರಿಕೆಯ ರುಚಿ ನೋಡಿದ್ದು ಅದೇ ಮೊದಲು. ಅದಕ್ಕೆ ಬ್ರೇಕು ಇಲ್ಲ. ಅಲ್ಲೇ ಗೋಡೆಯ ಪಕ್ಕ ನಿಂತು ಉತ್ತರ ಬರೆದೆ, ಹೋಗಬೇಡಿ, ಇಳಿದು ನಡೆಯಿರಿ ಎಂದೆಲ್ಲ. ಮೊಬೈಲ್ ಮುಟ್ಟದವರಿಗೆ ಅದು ಎಲ್ಲಿ ತಲುಪಬೇಕು? ವೆಬ್‌ಸೈಟ್ ನೋಡಿಕೊಳ್ಳುವವನಿಗೆ ಇರುವ ದೊಡ್ಡ ಸಮಾಧಾನವೆಂದರೆ ಬರೆದದ್ದನ್ನು ಯಾವಾಗ ಬೇಕಾದರೂ ಅಳಿಸಬಹುದು ಎಂಬುದು. ನಾಲ್ಕು ವರ್ಷ ಆ ಸಮಾಧಾನದಲ್ಲೇ ಬರೆದಿದ್ದೆ. ಒಬ್ಬರು ಅದನ್ನು ಕಾಗದದ ಮೇಲೆ ಇಳಿಸಿ, ಮಡಚಿ ಬ್ಯಾಗಿನಲ್ಲಿಟ್ಟುಕೊಂಡು, ನಂಬಿ ಹೊರಡುತ್ತಾರೆ ಎಂದು ಯೋಚಿಸಿರಲಿಲ್ಲ. ಆ ಕಾಗದದಲ್ಲಿ ಮಂಗಟ್ಟೆ ಇರಲಿಲ್ಲ.

"ಯಾಕ್ರೀ, ಮುಖ ಹೀಗೆ ಬಿಳಿಚಿಕೊಂಡಿದೆ? ಹುಷಾರಿಲ್ವಾ?" ಎಂದಳು ವಿಜಯ. ಹೊರಗೆ ಬಂದು ಕಲ್ಲಿನ ಕಟ್ಟೆಯ ಮೇಲೆ ಕೂತು ಎಲ್ಲ ಹೇಳಿದೆ. ಇಳಿಜಾರುಗಳನ್ನು ನಾನು ನಡೆದೇ ಇಳಿಯುತ್ತೇನೆ ಎಂಬಲ್ಲಿಂದ ಶುರುಮಾಡಿದೆ. ಅವಳಿಗೆ ಆಶ್ಚರ್ಯವಾಗುತ್ತದೆ ಎಂದುಕೊಂಡಿದ್ದೆ. ಅವಳು ಟೋಕನ್ ಕೊಟ್ಟು ಬಿಡಿಸಿಕೊಂಡು ಬಂದಿದ್ದ ನನ್ನ ಶೂಗಳನ್ನು ತಿರುಗಿಸಿ ಅಡಿಭಾಗ ತೋರಿಸಿದಳು. ಹಿಮ್ಮಡಿ ಪೂರ್ತಿ ಸವೆದು ಹೋಗಿತ್ತು.

"ಸೈಕಲ್ ತುಳಿಯೋರ ಶೂ ಹೀಗೆ ಸವೆಯುತ್ತಾ? ವರ್ಷಕ್ಕೆ ಎರಡು ಜೊತೆ ತಗೋತೀರಿ. ನಾನು ನಾಲ್ಕು ವರ್ಷದಿಂದ ನೋಡ್ತಿದೀನಿ."

"ಗೊತ್ತಿದ್ರೆ ಹೇಳ್ಬಾರ್ದಾ ನೀನು?"

"ಹೇಳಿದ್ರೆ ನಾಚ್ಕೊಂಡು ಹತ್ತಿ ಕೂತ್ಕೊಂಡು ಇಳೀತಿದ್ರಿ. ನಡೀಲಿ ಅಂತ ಸುಮ್ನಿದ್ದೆ. ಈಗ ಚಂದ್ರಣ್ಣಂಗೆ ಫೋನ್ ಮಾಡಿ. ಎಂತಕ್ಕೆ ಕೂತಿದೀರಿ?"

ಫೋನ್ ಮಾಡುವುದು ಅವಳು ಹೇಳಿದಷ್ಟು ಸುಲಭವಾಗಿರಲಿಲ್ಲ. ಹೊಸನಗರದಲ್ಲಿ ಆ ಇಬ್ಬರನ್ನು ತಡೆಯಬಲ್ಲವರು ಚಂದ್ರಣ್ಣ ಒಬ್ಬರೇ. ಯಾಕೆ ತಡೆಯಬೇಕು ಎಂದು ಹೇಳಬೇಕಾದರೆ ಮಂಗಟ್ಟೆಯ ವಿಷಯ ಬರುತ್ತದೆ. ಒಂದು ಮಂಗಟ್ಟೆ ಹಾರಿದರೆ ಮರಕುಟಿಗವೂ ಮಿಂಚುಳ್ಳಿಯೂ ಹಿಂದೆಯೇ ಹಾರುತ್ತವೆ. ಕೊನೆಗೆ ನಾಲ್ಕು ವರ್ಷ ಟೀ ಅಂಗಡಿಯಲ್ಲಿ ಎಲ್ಲರ ನಡುವೆ ಗತ್ತಿನಿಂದ ಕೂತಿದ್ದವನು ಯಾರು ಎಂಬುದು ಮಾತ್ರ ಉಳಿಯುತ್ತದೆ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ: ಇಬ್ಬರು ಹೆಂಗಸರ ಜೀವದ ಪ್ರಶ್ನೆ ಎದುರಿಗಿದ್ದಾಗಲೂ ನಾನು ನಂಬರ್ ಒತ್ತುವ ಮೊದಲು ಅರ್ಧ ಗಂಟೆ ಕೂತೆ. ಬೇರೆ ಏನಾದರೂ ಸುಳ್ಳು ಹೊಳೆಯುತ್ತದೆಯೇ ಎಂದು ನೋಡಿದೆ. ಹೊಳೆಯಲಿಲ್ಲ. ವಿಜಯ ಆ ಅರ್ಧ ಗಂಟೆಯೂ ಶೂಗಳನ್ನು ಮಡಿಲಲ್ಲಿಟ್ಟುಕೊಂಡು ಪಕ್ಕದಲ್ಲೇ ಕೂತಿದ್ದಳು.

"ಚಂದ್ರಣ್ಣ, ಕ್ಯಾನಿನ ತಿರುವಲ್ಲಿ ಮಂಗಟ್ಟೆ ಇಲ್ಲ" ಎಂದೆ.

"ಅದನ್ನ ಹೇಳೋಕೆ ಮೈಸೂರಿಂದ ಫೋನ್ ಮಾಡಿದ್ರಾ?"

ಎಲ್ಲ ಹೇಳಿದೆ. ಇಳಿಜಾರಿಗೆ ಹೆದರುತ್ತೇನೆ, ಅಲ್ಲಿ ಯಾವತ್ತೂ ಸೈಕಲ್ ಮೇಲೆ ಕೂತು ಇಳಿದಿಲ್ಲ, ಬರೆದದ್ದೆಲ್ಲ ಸುಳ್ಳು, ಅದನ್ನು ನಂಬಿ ಇಬ್ಬರು ಬರುತ್ತಿದ್ದಾರೆ. ನಗುತ್ತಾರೆ ಎಂದು ಕಾದೆ. ಬೈಯುತ್ತಾರೆ ಎಂದೂ ಕಾದೆ.

"ಎಷ್ಟು ಹೊತ್ತಿಗೆ ಬಿಡ್ತಾರಂತೆ?" ಎಂದರು.

"ಏಳಕ್ಕೆ. ಯಾರ ಮನೇಲಿ ಉಳ್ಕೊಂಡಿದಾರೆ ಗೊತ್ತಿಲ್ಲ."

"ಮನೆ ಹುಡುಕ್ತಾ ಕೂರೋದು ಬೇಡ. ಮಂಗಟ್ಟೆ ಇತ್ತಲ್ಲ, ಅಲ್ಲೇ ನಿಲ್ತೀನಿ. ಆ ಇಳಿಜಾರು ತಪ್ಪಿಸಿ ನಗರಕ್ಕೆ ಹೋಗೋಕೆ ಬೇರೆ ದಾರಿ ಎಲ್ಲಿದೆ?" ಎಂದು ಫೋನ್ ಇಟ್ಟರು.

ಮರುದಿನ ಬೆಳಗ್ಗೆ ಮೈಸೂರಿನಲ್ಲಿ ಒಳ್ಳೆಯ ಬಿಸಿಲಿತ್ತು. ಅದನ್ನು ನೋಡಿ ಇನ್ನೂ ಹೆದರಿಕೆಯಾಯಿತು. ಹೊಸನಗರದ ಕಡೆ ಜನವರಿಯಲ್ಲಿ ಎಂಟೂವರೆಯವರೆಗೆ ಮಂಜು ಸರಿಯುವುದಿಲ್ಲ. ಹೋಟೆಲಿನಲ್ಲಿ ಮಸಾಲೆ ದೋಸೆ ಬಂದು ಮುಂದೆ ಕೂತಿತ್ತು. ಏಳು ಗಂಟೆಗೆ ಅವರು ಹೊರಟಿರುತ್ತಾರೆ. ಏಳೂವರೆಗೆ ಮೊದಲ ಏರು ಮುಗಿದಿರುತ್ತದೆ. ಎಂಟಕ್ಕೆ? ಎಂಟಕ್ಕೆ ನಾನು ದೋಸೆಯ ಮೂಲೆಯೊಂದನ್ನು ಮುರಿದು ಅಲ್ಲೇ ಬಿಟ್ಟೆ. ಚಂದ್ರಣ್ಣನಿಗೆ ಎದ್ದೇಳಲು ತಡವಾಗಿದ್ದರೆ? ಅಕ್ಕತಂಗಿ ಏಳರ ಬದಲು ಆರಕ್ಕೇ ಹೊರಟುಬಿಟ್ಟಿದ್ದರೆ? ಮಂಜಿನಲ್ಲಿ ಒಬ್ಬರಿಗೊಬ್ಬರು ಕಾಣದೆ ಪಕ್ಕದಲ್ಲೇ ಹಾದುಹೋಗಿದ್ದರೆ? ಫೋನ್ ಮಾಡಿದರೆ ಆ ದಾರಿಯಲ್ಲಿ ಸಿಗ್ನಲ್ ಇಲ್ಲ. ವಿಜಯ ತನ್ನ ಇಡ್ಲಿಯನ್ನೂ ಮುಟ್ಟದೆ ಮೊಬೈಲನ್ನೇ ನೋಡುತ್ತಿದ್ದಳು. ನನ್ನ ಹೆದರಿಕೆಗಳಲ್ಲಿ ಅವಳು ಪಾಲು ತೆಗೆದುಕೊಂಡದ್ದನ್ನು ಅದಕ್ಕೆ ಮೊದಲು ನಾನು ನೋಡಿರಲಿಲ್ಲ.

ಒಂಬತ್ತಕ್ಕೆ ಐದು ನಿಮಿಷ ಇರುವಾಗ ಚಂದ್ರಣ್ಣನ ಫೋನ್ ಬಂತು. ನಗರದ ಬಸ್ ಸ್ಟ್ಯಾಂಡಿನಿಂದ ಮಾಡಿದ್ದರು.

"ಬಂದ್ರು ಮಾರಾಯ್ರೇ. ಎಂಥ ಮಂಜು ಅಂತೀರಿ, ನನ್ನ ಕೈ ನಂಗೆ ಕಾಣ್ತಿರ್ಲಿಲ್ಲ. ನಮ್ಮನೆಯವಳ ಕೆಂಪು ಶಾಲು ತಂದಿದ್ದೆ, ಅದನ್ನೇ ಬೀಸಿದೆ. ಇಬ್ರನ್ನೂ ಇಳಿಸಿ ನಡ್ಸಿಕೊಂಡು ಬಂದೆ. ಕೆಳಗೆ ಮೋರಿ ಹತ್ರ ಒಂದು ಲಾರಿ ಕೆಟ್ಟು ನಿಂತಿತ್ತು. ಹಿಂದೆ ಗುರುತಿಗೆ ಅಂತ ಡ್ರೈವರು ನಾಲ್ಕು ಸೊಪ್ಪಿನ ಕೊಂಬೆ ಹಾಕಿದ್ದ. ಹತ್ತಡಿ ಹತ್ರ ಹೋಗೋವರೆಗೂ ನಂಗೂ ಕಾಣ್ಲಿಲ್ಲ."

ನನಗೆ ಏನೂ ಹೇಳಲು ದನಿ ಹೊರಡಲಿಲ್ಲ. ಅಲಂಕಾರಶಾಸ್ತ್ರದವರ ಪಟ್ಟಿಯಲ್ಲಿ ಅದೂ ಒಂದು ಎಂದು ಹೇಳಿದೆನಲ್ಲ. ವಿಜಯ ನನ್ನ ಕೈಯಿಂದ ಫೋನ್ ತೆಗೆದುಕೊಂಡು, "ನಿಮ್ಮಿಂದ ದೊಡ್ಡ ಉಪಕಾರ ಆಯ್ತು ಚಂದ್ರಣ್ಣ, ಇವರು ಅಳ್ತಿದಾರೆ, ಆಮೇಲೆ ಮಾಡ್ತಾರೆ" ಎಂದು ಇಟ್ಟುಬಿಟ್ಟಳು. ಅಷ್ಟೂ ಜನರ ಎದುರಿಗೆ ಹೋಟೆಲಿನಲ್ಲಿ ಹೀಗೆ ಹೇಳಬೇಕಾಗಿರಲಿಲ್ಲ. ಆಮೇಲೆ ನಾವು ತಣ್ಣಗಾದ ದೋಸೆಯನ್ನೂ ಇಡ್ಲಿಯನ್ನೂ ತಿಂದೆವು.

ನಾಲ್ಕು ದಿನದ ಮೇಲೆ ಸರೋಜಮ್ಮನ ಇನ್ನೊಂದು ಮೇಲ್ ಬಂತು. ಊರಿಗೆ ಹೋಗಿ ಆಣೆ ಮುಗಿದ ಮೇಲೆ ನನ್ನ ಉತ್ತರ ಓದಿದರಂತೆ. ಬೈಗುಳ ಇರುತ್ತದೆ ಎಂದು ಅಂಗಡಿಯ ಬಾಗಿಲು ಅರ್ಧ ಎಳೆದುಕೊಂಡು ಓದಿದೆ. 'ಕಾಗದದಲ್ಲಿ ನಿಂತು ನೋಡಿ ಎಂದಿದ್ದ ಕಡೆಯಲ್ಲೆಲ್ಲ ಇಳಿದು ನಿಂತೆವು. ಮಂಜಿನಲ್ಲಿ ಒಂದು ಹಕ್ಕಿಯೂ ಕಾಣಲಿಲ್ಲ. ಆದರೆ ಇಳಿದ ಕಡೆಯಲ್ಲೆಲ್ಲ ಮುಂದೆ ಒಂದು ತಿರುವೋ ಗುಂಡಿಯೋ ಇರುತ್ತಿತ್ತು. ಮೂರನೆಯ ಸಲ ನಿಂತಾಗ ನನ್ನ ತಂಗಿ ಹೇಳಿದಳು: ಅಕ್ಕ, ಈ ಮನುಷ್ಯ ಹಕ್ಕಿ ಗಿಕ್ಕಿ ಏನೂ ನೋಡಿಲ್ಲ, ನಿನ್ನ ಥರಾನೇ ಹೆದರಿದಾನೆ. ಆಮೇಲೆ ನನಗೆ ಧೈರ್ಯ ಬಂತು. ನನಗಿಂತ ಮೊದಲು ಒಬ್ಬರು ಇಲ್ಲಿ ಹೆದರಿಕೊಂಡು ಹೋಗಿ ಬದುಕಿ ಬಂದಿದ್ದಾರಲ್ಲ ಎಂದುಕೊಂಡೆ. ಕೊನೆಯ ಇಳಿಜಾರಿಗೆ ಮಾತ್ರ ನೀವು ಭಯವಿಲ್ಲ ಎಂದು ಬರೆದಿದ್ದಿರಿ. ಅಲ್ಲಿ ಹಕ್ಕಿ ಇಲ್ಲದ್ದು ನೋಡಿ ನನಗೂ ಒಂಥರಾ ಆಗಿತ್ತು.'

ಮುಂದಿನ ಕ್ಲಬ್ಬಿನ ಭಾನುವಾರಕ್ಕೆ ಹೋಗುವುದೇ ಬೇಡ ಎಂದಿದ್ದೆ. ವಿಜಯ ಹೊಸ ಶೂ ತಂದಿಟ್ಟಳು, ಹೋದೆ. ಚಂದ್ರಣ್ಣ ಯಾರ ಹತ್ತಿರವೂ ಏನೂ ಹೇಳಿರಲಿಲ್ಲ. ಹಾಗಾಗಿ ನಾನೇ ಹೊರಡುವ ಮೊದಲು ಎಲ್ಲರ ಎದುರು ಹೇಳಿದೆ. ಮಂಜಿನಲ್ಲಿ ಯಾರ ಮುಖವೂ ಸರಿಯಾಗಿ ಕಾಣದಿದ್ದುದು ಉಪಕಾರವಾಯಿತು. ತೀರ್ಥಹಳ್ಳಿಯವರೊಬ್ಬರು "ಹಾಗಾದ್ರೆ ವರದಹಳ್ಳಿ ದಾರಿ ನವಿಲು?" ಎಂದರು. "ಅದೂ ಇಲ್ಲ" ಎಂದೆ. "ಛೇ, ಅದನ್ನ ನಾನೂ ನೋಡಿದೀನಿ ಅಂತ ಮನೇಲಿ ಹೇಳಿದ್ನಲ್ಲ" ಎಂದು ಅವರು ಬೇಜಾರು ಮಾಡಿಕೊಂಡರು. ಅಷ್ಟೆ. ಯಾರೂ ನಗಲಿಲ್ಲ ಎನ್ನಲಾರೆ. ನಕ್ಕರು, ಆಮೇಲೆ ಸೈಕಲ್ ಹತ್ತಿದರು.

ಕ್ಯಾನಿನ ತಿರುವಿನ ಇಳಿಜಾರು ಬಂತು. ಒಂಬತ್ತು ಜನ ಮುಂದೆ ಹೋದ ಸದ್ದು ಕೇಳಿತು. ನಾನು ಇಳಿದೆ. ಈ ಸಲ ಯಾವ ಹಕ್ಕಿಯನ್ನೂ ಹುಡುಕದೆ, ಮಬ್ಬಾದ ಗಾಜು ಒರೆಸಿಕೊಂಡು ನಡೆಯತೊಡಗಿದೆ. ಸ್ವಲ್ಪ ದೂರ ಹೋದ ಮೇಲೆ ಹಿಂದೆ ಇನ್ನೊಂದು ಸೈಕಲ್ಲಿನ ಚೈನು ಟಿಕ್ ಟಿಕ್ ಎನ್ನುವುದು ಕೇಳಿಸಿತು. ತಿರುಗಿ ನೋಡಿದರೆ ಚಂದ್ರಣ್ಣ. ಅವರೂ ಇಳಿದು ತಳ್ಳಿಕೊಂಡು ಬರುತ್ತಿದ್ದರು. ಮೋರಿ ದಾಟಿ, ಟೀ ಅಂಗಡಿ ಸೇರುವವರೆಗೂ ನನಗಿಂತ ಎರಡು ಹೆಜ್ಜೆ ಹಿಂದೆಯೇ ಬಂದರು. ಬೇಕೆಂದೇ ಬಂದರು.

ಕೊನೆಗೆ ಬಂದವನು ಬರೆಯಬೇಕು ಎಂಬುದು ಅವರೇ ಮಾಡಿದ ಕಾನೂನು. ಮರುದಿನ ಬಸ್ಸು ಹತ್ತಿ ಸಾಗರಕ್ಕೆ, ನನ್ನ ಅಂಗಡಿಗೆ ಬಂದರು. ಕಣ್ಣಿನ ಪರೀಕ್ಷೆಗೆ ಬಂದವರ ಕುರ್ಚಿಯಲ್ಲಿ ಕೂತು, ಒಂದೇ ಬೆರಳಿನಲ್ಲಿ, ಒಂದು ಗಂಟೆ ಕುಟ್ಟಿದರು. ನಮ್ಮ ವೆಬ್‌ಸೈಟಿನಲ್ಲಿ ನಾನು ಬರೆಯದ ಪುಟ ಅದೊಂದೇ. ಅದರಲ್ಲಿ ನಾನು ಒಂದಕ್ಷರವನ್ನೂ ಮುಟ್ಟಿಲ್ಲ. 'ಕ್ಯಾನಿನ ತಿರುವು. ಇಲ್ಲಿ ಹಕ್ಕಿ ಇಲ್ಲ. ಇಳಿದು ನಡೆಯಿರಿ. ಬಸ್ ಓಡಿಸುವಾಗಲೂ ಪ್ರತಿದಿನ ಇಲ್ಲಿ ಇಳಿದು ನಡೆದುಬಿಡೋಣ ಅನಿಸುತ್ತಿತ್ತು. ಹಿಂದೆ ಜನ ಕೂತಿದ್ದರು.'